25ನೇ ಬಾಗಿಲು, 587ನೇ ಬಾಗಿಲು: ಜಾನ್ ಪೋಸ್ಟೆಲ್ ಮತ್ತು ನಮ್ಮ ಇಮೇಲ್

ಇಂಟರ್‌ನೆಟ್ ಹೇಗೆ ನಡೀಬೇಕು ಅನ್ನೋ ನಿಯಮಗಳು ಆರ್‌ಎಫ್‌ಸಿ ಅನ್ನೋ ಹೆಸರಿನ ದಾಖಲೆಗಳಲ್ಲಿವೆ. 1969ರಿಂದ ಒಂದರ ಹಿಂದೊಂದು ನಂಬರು ಹಾಕಿ ಪ್ರಕಟಿಸುತ್ತಾ ಬಂದಿದ್ದಾರೆ. ಅದರಲ್ಲಿ 2468ನೆಯದು ನಿಯಮ ಅಲ್ಲ, ಒಂದು ಶ್ರದ್ಧಾಂಜಲಿ. 1998ರ ಅಕ್ಟೋಬರ್‌ನಲ್ಲಿ ಜಾನ್ ಪೋಸ್ಟೆಲ್ ತೀರಿಕೊಂಡಾಗ ಗೆಳೆಯ ವಿಂಟ್ ಸರ್ಫ್ ಬರೆದದ್ದು. ಅಲ್ಲಿಂದ ಎಂಟು ನಂಬರು ಮುಂದೆ, ಅದೇ ವರ್ಷದ ಡಿಸೆಂಬರ್‌ನಲ್ಲಿ, 2476ನೇ ದಾಖಲೆ ಬಂತು. ಅದರ ವಿಷಯ ನೋಡೋಕೆ ತೀರಾ ಒಣ: ಬಳಕೆದಾರರು ತಾವು ಬರೆದ ಮೇಲನ್ನು ಸರ್ವರಿಗೆ ಒಪ್ಪಿಸೋಕೆ ಬೇರೆಯದೇ ಬಾಗಿಲು ಇರಲಿ, ಅದರ ನಂಬರು 587 ಆಗಿರಲಿ.

ಎರಡೂ ಹತ್ತತ್ತಿರ ಬಂದಿದ್ದು ಕಾಕತಾಳೀಯ. ಆದ್ರೆ ಪೋಸ್ಟೆಲ್ 1982ರಲ್ಲಿ ತೆರೆದಿಟ್ಟ ಒಂದು ಬಾಗಿಲಿನಿಂದಾದ ಎಡವಟ್ಟನ್ನು ಸರಿಮಾಡೋಕೇ ಆ ಎರಡನೇ ದಾಖಲೆ ಬರೆದದ್ದು. ಯಾರ ಪತ್ರವನ್ನು ಮುಂದಕ್ಕೆ ಸಾಗಿಸಬೇಕು, ಯಾರದನ್ನು ತಡೀಬೇಕು, ಅದನ್ನು ತೀರ್ಮಾನ ಮಾಡೋರು ಯಾರು? ಇವು ತಾಂತ್ರಿಕ ಪ್ರಶ್ನೆಗಳ ವೇಷದಲ್ಲಿರೋ ರಾಜಕೀಯ ಪ್ರಶ್ನೆಗಳು. ಪೋಸ್ಟೆಲ್ ಬದುಕಿಡೀ ಇದೇ ಪ್ರಶ್ನೆಗಳ ಪಕ್ಕದಲ್ಲೇ ಕೆಲಸ ಮಾಡಿದವರು.

ಅವರ ಹೆಸರು ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೂ ಅಷ್ಟಾಗಿ ಗೊತ್ತಿಲ್ಲ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಅವರು ಬರೆದ ಪ್ರೋಟೋಕಾಲ್‌ಗಳನ್ನು ಉರು ಹೊಡೆದು ಪಾಸಾದೆವು, ಬರೆದವರ ಹೆಸರು ಯಾವ ಮೇಷ್ಟ್ರೂ ಹೇಳಲಿಲ್ಲ. ಗೇಟ್ಸ್, ಜಾಬ್ಸ್ ಹೆಸರು ಎಲ್ಲರಿಗೂ ಗೊತ್ತು, ಅವರು ಸರಕು ಮಾರಿದರು. ಪೋಸ್ಟೆಲ್ ಏನನ್ನೂ ಮಾರಲಿಲ್ಲ.

ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್‌ನೆಟ್ ಕಟ್ಟಿದವರಲ್ಲಿ ಹೆಸರಾದ ವಿಂಟ್ ಸರ್ಫ್, ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ, 1974ರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ. ಅವರು ವಿದ್ಯಾರ್ಥಿಯಾಗಿದ್ದಾಗಲೇ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಅರ್ಪಾನೆಟ್ ಶುರುವಾಯ್ತು. 1969ರ ಅಕ್ಟೋಬರ್ 29ರಂದು ಅದರ ಮೊದಲ ಸಂದೇಶ ಹೊರಟಿದ್ದು ಇದೇ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ. ಕ್ರಾಕರ್ ಆ ವರ್ಷದ ಏಪ್ರಿಲ್‌ನಲ್ಲಿ ಮೊದಲ ಆರ್‌ಎಫ್‌ಸಿ ಬರೆದರು. ಅವುಗಳನ್ನು ತಿದ್ದಿ, ನಂಬರು ಹಾಕಿ, ಜೋಡಿಸಿಡೋ ಕೆಲಸ ಪೋಸ್ಟೆಲ್ ಪಾಲಿಗೆ ಬಂತು. ಸಾಯೋವರೆಗೂ ಅದನ್ನು ಬಿಡಲಿಲ್ಲ.

ಇನ್ನೊಂದು ಕೆಲಸವೂ ಅವರ ಹೆಗಲಿಗೆ ಬಿತ್ತು. ಯಾವ ಸೇವೆಗೆ ಯಾವ ನಂಬರು ಅನ್ನೋ ಪಟ್ಟಿ ಇಡೋದು. ಒಂದೇ ಯಂತ್ರಕ್ಕೆ ಮೇಲೂ ಬರುತ್ತೆ, ಫೈಲೂ ಬರುತ್ತೆ, ಯಾವುದು ಯಾವ ಬಾಗಿಲಿಗೆ ಹೋಗಬೇಕು ಅಂತ ಎಲ್ಲರೂ ಒಪ್ಪಬೇಕಲ್ಲ? ಆ ಬಾಗಿಲಿಗೇ ಪೋರ್ಟ್ ಅನ್ನೋದು. ಆ ಪಟ್ಟಿ ಮೊದಮೊದಲು ಅಕ್ಷರಶಃ ಒಬ್ಬ ಮನುಷ್ಯನ ಕೈಯಲ್ಲಿತ್ತು. 1977ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿದ ಮೇಲೆ ಜಾಯ್ಸ್ ರೆನಾಲ್ಡ್ಸ್ ಜೊತೆಯಾದರು. ನಂಬರು ಬೇಕಾದವರು ಇವರಿಗೆ ಬರೀತಿದ್ದರು, ಇವರು ಕೊಡ್ತಿದ್ದರು. ಅರ್ಜಿ ಶುಲ್ಕ ಇಲ್ಲ. ಉದ್ದ ಗಡ್ಡ, ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದ ಈ ಮನುಷ್ಯನನ್ನು 90ರ ದಶಕದಲ್ಲಿ ಒಂದು ಬ್ರಿಟಿಷ್ ವಾರಪತ್ರಿಕೆ ಇಂಟರ್‌ನೆಟ್ಟಿನ ದೇವರಿಗೆ ಹೋಲಿಸಿತು. ನನಗೆ ಆ ಹೋಲಿಕೆ ಅಷ್ಟು ಸರಿ ಅನ್ನಿಸಲ್ಲ. ಊರಿನ ಪಹಣಿ ಪುಸ್ತಕ ಇಟ್ಟುಕೊಂಡ, ಲಂಚ ಮುಟ್ಟದ ಶಾನುಭೋಗ ಅಂದ್ರೆ ಹತ್ತಿರ ಬರುತ್ತೆ.

ಇನ್ನು ಮೇಲ್ ವಿಷಯಕ್ಕೆ ಬರೋಣ. ಅರ್ಪಾನೆಟ್‌ನಲ್ಲಿ ಮೊದಲು ಮೇಲ್‌ಗೆ ಅಂತ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. ಫೈಲ್ ಕಳಿಸೋ ವ್ಯವಸ್ಥೆಯ ಬೆನ್ನ ಮೇಲೆ ಕೂತು ಹೋಗ್ತಿತ್ತು. 1980ರಲ್ಲಿ ಸುಜಾನ್ ಸ್ಲೂಯ್ಜರ್ ಜೊತೆ ಸೇರಿ ಪೋಸ್ಟೆಲ್ ಒಂದು ಪ್ರತ್ಯೇಕ ಪ್ರೋಟೋಕಾಲ್ ಬರೆದರು. ಅದನ್ನು ಸರಳ ಮಾಡುತ್ತಾ ಹೋಗಿ 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಕೊಟ್ಟರು. ಇದೇ ಎಸ್‌ಎಂಟಿಪಿ. ಹೆಸರಲ್ಲೇ ಸರಳ ಅಂತ ಇದೆ, ನಿಜಕ್ಕೂ ಸರಳವೇ. ಒಂದು ಯಂತ್ರ ಇನ್ನೊಂದಕ್ಕೆ ನಮಸ್ಕಾರ ಹೇಳುತ್ತೆ, ಯಾರಿಂದ ಅಂತ ಹೇಳುತ್ತೆ, ಯಾರಿಗೆ ಅಂತ ಹೇಳುತ್ತೆ, ಪತ್ರ ಕೊಡುತ್ತೆ, ಹೊರಡುತ್ತೆ. ಬಾಗಿಲಿನ ನಂಬರು 25. ಪಾಸ್‌ವರ್ಡ್ ಕೇಳೋ ಹಂತವೇ ಇಲ್ಲ. ಪತ್ರ ತನ್ನ ಊರಿನದಲ್ಲದಿದ್ದರೂ ಮಧ್ಯದ ಸರ್ವರ್ ಇಸಕೊಂಡು ಮುಂದಕ್ಕೆ ದಾಟಿಸಬಹುದಿತ್ತು. ಇದಕ್ಕೆ ರಿಲೇ ಅನ್ನುತ್ತಾರೆ. ಆಗ ಇಡೀ ಜಾಲದಲ್ಲಿದ್ದದ್ದು ಇನ್ನೂರು ಚಿಲ್ಲರೆ ಯಂತ್ರ. ಯಾವ ಯಂತ್ರ ಯಾರದು ಅಂತ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರ್ತಿತ್ತು.

ಪೋಸ್ಟೆಲ್ ಅಮಾಯಕರಾಗಿದ್ದರು, ಕಳ್ಳರು ಬರಬಹುದು ಅಂತ ಯೋಚಿಸಲೇ ಇಲ್ಲ ಅನ್ನೋ ಮಾತು ಈಗಲೂ ಕೇಳಿಬರುತ್ತೆ. ಅದು ಸುಳ್ಳು. 1975ರ ನವೆಂಬರ್‌ನಲ್ಲೇ, ಎಸ್‌ಎಂಟಿಪಿಗಿಂತ ಏಳು ವರ್ಷ ಮೊದಲೇ, ಆರ್‌ಎಫ್‌ಸಿ 706 ಅಂತ ಪುಟ್ಟ ಟಿಪ್ಪಣಿ ಬರೆದಿದ್ದರು. ವಿಷಯ ಕಸದ ಮೇಲ್. ಬೇಡದ ಸಂದೇಶವನ್ನು ತಿರಸ್ಕರಿಸಬೇಕಾದ್ರೂ ಮೊದಲು ಅದನ್ನು ತಗೊಂಡು ಓದಲೇಬೇಕು, ಅಷ್ಟರಲ್ಲಿ ಯಂತ್ರದ ಹೊತ್ತು ಹಾಳಾಗಿರುತ್ತೆ, ಕಾಟ ಕೊಡೋ ಯಂತ್ರದಿಂದ ಬರೋದನ್ನು ಜಾಲವೇ ಬಾಗಿಲಲ್ಲಿ ತಡೆಯುವಂತಿರಬೇಕು ಅನ್ನೋದು ಅವರ ವಾದ. ಮೂರು ವರ್ಷ ಆಗೋದರೊಳಗೆ, 1978ರ ಮೇ ತಿಂಗಳಲ್ಲಿ, ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ಸುಮಾರು 400 ಮಂದಿಗೆ ಒಟ್ಟಿಗೆ ಜಾಹೀರಾತು ಕಳಿಸಿ ಅರ್ಪಾನೆಟ್‌ನಲ್ಲಿ ಬೈಸಿಕೊಂಡ. ಅಂದ್ರೆ 1982ರ ಹೊತ್ತಿಗೆ ಅಪಾಯ ಗೊತ್ತಿದ್ದದ್ದೇ. ಆದರೂ ಅವರು ಬರೆದ ನಿಯಮದಲ್ಲಿ ಬೀಗ ಇರಲಿಲ್ಲ. ಕಳಿಸೋವಾಗ ಬಿಗಿಯಾಗಿರು, ಇಸಕೊಳ್ಳೋವಾಗ ಧಾರಾಳವಾಗಿರು ಅನ್ನೋದು ಅವರು ಪ್ರೋಟೋಕಾಲ್‌ಗಳಲ್ಲಿ ಬರೆದಿಟ್ಟಿದ್ದ ತತ್ವ. ಮೇಲ್‌ನಲ್ಲಿ ಆ ಧಾರಾಳತನವೇ ಗೆದ್ದಿತು. ಅದು ತಪ್ಪು ಅಂತ ನಾನು ಹೇಳಲ್ಲ. ಬೀಗ ಇಟ್ಟಿದ್ದರೆ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋ ಜಗಳದಲ್ಲೇ ಇಮೇಲ್ ಸತ್ತುಹೋಗ್ತಿತ್ತೇನೋ.

ಇಲ್ಲೊಂದು ಸೂಕ್ಷ್ಮ ಇದೆ. ನಾನು ಇದನ್ನು ಬರೀತಿರೋದು ಕಲ್ಲೂರಿನಲ್ಲಿ, ರಾಯಚೂರು, ಮಾನ್ವಿ, ದೇವದುರ್ಗದ ನಡುವಿನ ನಮ್ಮೂರಲ್ಲಿ ಕೂತು. ಹಾಗಾಗಿ ಅಂಚೆಯ ಲೆಕ್ಕದಲ್ಲೇ ಹೇಳ್ತೀನಿ. ಅಂಚೆ ಕಚೇರಿಗೆ ಎರಡು ಬಾಗಿಲು ಅಂದುಕೊಳ್ಳಿ. ಹಿಂಬಾಗಿಲಿಗೆ ಬೇರೆ ಊರಿನ ಟಪಾಲು ಚೀಲಗಳು ಗಾಡಿಯಲ್ಲಿ ಬರ್ತವೆ, ಇಲ್ಲಿನ ಚೀಲಗಳು ಹೊರಡ್ತವೆ. ಅದು ಕಚೇರಿ ಕಚೇರಿಗಳ ನಡುವಿನ ವ್ಯವಹಾರ. ಮುಂಬಾಗಿಲಲ್ಲಿ ಕೌಂಟರ್, ಅಲ್ಲಿ ನಾವು ನೀವು ಪತ್ರ ಕೊಡೋದು. ಸ್ಪೀಡ್ ಪೋಸ್ಟ್ ಮಾಡೋವಾಗ ಕಳಿಸೋರ ವಿಳಾಸ, ಫೋನ್ ನಂಬರು ಕೇಳ್ತಾರೆ, ವಿಳಾಸದಲ್ಲಿ ಪಿನ್ ಕೋಡ್ ಬಿಟ್ಟಿದ್ದರೆ ಬರೀರಿ ಅಂತಾರೆ. ಪೋಸ್ಟೆಲ್ ಬರೆದ 25ನೇ ಬಾಗಿಲು ಹಿಂಬಾಗಿಲು. ಮುಂಬಾಗಿಲು ಇರಲೇ ಇಲ್ಲ. 1982ರಲ್ಲಿ ಅದರ ಅಗತ್ಯವೂ ಇರಲಿಲ್ಲ, ಯಾಕಂದ್ರೆ ಬಳಕೆದಾರರು ಆ ದೊಡ್ಡ ಯಂತ್ರದೊಳಗೇ ಲಾಗಿನ್ ಆಗಿ ಪತ್ರ ಬರೀತಿದ್ದರು, ಅಂದ್ರೆ ಅಂಚೆ ಕಚೇರಿಯ ಒಳಗೇ ಕೂತಿರ್ತಿದ್ದರು.

ಪರ್ಸನಲ್ ಕಂಪ್ಯೂಟರ್ ಬಂದಾಗ ಜನ ಕಚೇರಿಯಿಂದ ಹೊರಗೆ ಬಂದರು. 1984ರಲ್ಲಿ ಜಾಯ್ಸ್ ರೆನಾಲ್ಡ್ಸ್ ಪಾಪ್ ಅನ್ನೋ ಪ್ರೋಟೋಕಾಲ್ ಬರೆದರು, ಅಂಚೆ ಕಚೇರಿ ಅನ್ನೋ ಪದ ಅದರ ಹೆಸರಲ್ಲೇ ಇದೆ. ಸರ್ವರಿನಲ್ಲಿ ಬಂದು ಬಿದ್ದ ಪತ್ರವನ್ನು ನಮ್ಮ ಯಂತ್ರಕ್ಕೆ ತರಿಸಿಕೊಳ್ಳೋದು ಅದರ ಕೆಲಸ, ಅದಕ್ಕೆ ಹೆಸರು, ಪಾಸ್‌ವರ್ಡ್ ಬೇಕು. ಆದ್ರೆ ಪತ್ರ ಕಳಿಸೋಕೆ? ಅದಕ್ಕೆ ಅದೇ ಹಳೇ ಹಿಂಬಾಗಿಲು. ನಮ್ಮ ಪತ್ರ ನಾವು ಓದೋಕೆ ಗುರುತು ತೋರಿಸಬೇಕು, ಯಾರ ಹೆಸರಲ್ಲಿ ಬೇಕಾದ್ರೂ ಪತ್ರ ಕಳಿಸೋಕೆ ಏನೂ ತೋರಿಸಬೇಕಿಲ್ಲ. ಹತ್ತಕ್ಕೂ ಹೆಚ್ಚು ವರ್ಷ ಜಗತ್ತಿನ ಮೇಲ್ ನಡೆದಿದ್ದು ಹೀಗೆ.

ನಮ್ಮ ದೇಶಕ್ಕೆ ಮೇಲ್ ಬಂದಿದ್ದೂ ಈ ನಂಬಿಕೆಯ ಕಾಲದಲ್ಲೇ. 1986ರಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ ಅರ್ನೆಟ್ ಶುರುವಾದಾಗ ಅದರ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಟೆಲಿಫೋನ್ ಡಯಲ್ ಮಾಡಿ, ಒಂದು ಯಂತ್ರ ಇನ್ನೊಂದಕ್ಕೆ ಪತ್ರ ದಾಟಿಸಿ, ಅದು ಮತ್ತೊಂದಕ್ಕೆ ದಾಟಿಸಿ ಮೇಲ್ ಹೋಗ್ತಿತ್ತು. ಪಕ್ಕದವರ ಪತ್ರವನ್ನು ಸಾಗಿಸೋದು ಆಗ ಸೌಜನ್ಯವಾಗಿತ್ತು. 1989ರಲ್ಲಿ ಪೋಸ್ಟೆಲ್ ನಡೆಸ್ತಿದ್ದ ನೋಂದಣಿಯಿಂದ ಭಾರತಕ್ಕೆ ಡಾಟ್ ಇನ್ ಸಿಕ್ಕಿತು, ಮುಂಬೈನ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ ಅದನ್ನು ನೋಡಿಕೊಂಡಿತು. ದೇಶಗಳ ಡೊಮೇನ್ ಬಗ್ಗೆ ಪೋಸ್ಟೆಲ್ 1994ರಲ್ಲಿ ಬರೆದ ಆರ್‌ಎಫ್‌ಸಿ 1591 ಈಗಲೂ ಓದಬೇಕಾದ ರಾಜಕೀಯ ಬರಹ. ಯಾವುದು ದೇಶ, ಯಾವುದಲ್ಲ ಅಂತ ತೀರ್ಮಾನಿಸೋದು ತಮ್ಮ ಕೆಲಸ ಅಲ್ಲ ಅಂದು ಅಂತರರಾಷ್ಟ್ರೀಯ ಪಟ್ಟಿಯೊಂದಕ್ಕೆ ಅದನ್ನು ಬಿಟ್ಟರು. ಡೊಮೇನ್ ಇಟ್ಟುಕೊಂಡವರು ಮಾಲೀಕರಲ್ಲ, ಜನರ ಪರವಾಗಿ ನೋಡಿಕೊಳ್ಳೋರು, ಹಕ್ಕಿನ ಮಾತಿಗಿಂತ ಜವಾಬ್ದಾರಿಯ ಮಾತು ಮುಖ್ಯ ಅಂದರು.

ಅಷ್ಟೊತ್ತಿಗೆ ಮಾಲೀಕರು ಬಂದಾಗಿತ್ತು. 1995ರ ಸೆಪ್ಟೆಂಬರ್‌ನಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಅನ್ನೋ ಖಾಸಗಿ ಕಂಪನಿ ಡಾಟ್ ಕಾಮ್ ಹೆಸರುಗಳಿಗೆ ಎರಡು ವರ್ಷಕ್ಕೆ 100 ಡಾಲರ್ ವಸೂಲಿ ಶುರುಮಾಡಿತು. ಅದೇ ಹೊತ್ತಿಗೆ ಸ್ಪ್ಯಾಮ್ ಕೂಡ ವ್ಯಾಪಾರವಾಯ್ತು. ಗುರುತು ಪರಿಚಯ ಇಲ್ಲದವನು ಹಿಂಬಾಗಿಲಿಗೆ ಬಂದು ಒಂದು ಪತ್ರ, ಹತ್ತು ಸಾವಿರ ವಿಳಾಸ ಕೊಟ್ಟುಹೋಗ್ತಾನೆ, ಕಚೇರಿ ತನ್ನ ಖರ್ಚಲ್ಲಿ ಹತ್ತು ಸಾವಿರ ಪ್ರತಿ ಮಾಡಿ ಹಂಚುತ್ತೆ. ತೆರೆದ ರಿಲೇ ಅಂದ್ರೆ ಇದೇ. ನಿನ್ನೆವರೆಗೆ ಸೌಜನ್ಯ ಆಗಿದ್ದದ್ದು ಅಪರಾಧಕ್ಕೆ ಸಹಾಯ ಆಯ್ತು. ಪಾಲ್ ವಿಕ್ಸಿ ಮತ್ತು ಜೊತೆಗಾರರು ಸ್ಪ್ಯಾಮ್‌ಗೆ ದಾರಿಕೊಡೋ ಯಂತ್ರಗಳ ಕಪ್ಪುಪಟ್ಟಿ ಮಾಡಿದರು. ಆಗ ಹೆಚ್ಚಿನ ಸರ್ವರ್‌ಗಳಲ್ಲಿ ಓಡ್ತಿದ್ದ ಸೆಂಡ್‌ಮೇಲ್ ತಂತ್ರಾಂಶ 1998ರ ಆವೃತ್ತಿಯಲ್ಲಿ ಅಪರಿಚಿತರ ರಿಲೇಯನ್ನು ತಾನಾಗೇ ಬಂದ್ ಮಾಡಿತು.

1998, ಪೋಸ್ಟೆಲ್ ಬದುಕಿನ ಕೊನೇ ವರ್ಷ. ಜನವರಿ 28ರಂದು ಅವರು ಡೊಮೇನ್ ವ್ಯವಸ್ಥೆಯ ಬೇರಿನಲ್ಲಿರೋ ಸರ್ವರ್‌ಗಳ ಪೈಕಿ ಎಂಟರ ನಿರ್ವಾಹಕರಿಗೆ ಒಂದು ಮೇಲ್ ಕಳಿಸಿದರು. ಇನ್ಮೇಲೆ ಮೂಲ ಪಟ್ಟಿಯನ್ನು ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಯಂತ್ರದಿಂದ ತಗೋಬೇಡಿ, ನಮ್ಮ ಯಂತ್ರದಿಂದ ತಗೊಳ್ಳಿ ಅನ್ನೋದು ಕೋರಿಕೆ. ಎಂಟೂ ಮಂದಿ ಒಪ್ಪಿದರು. ಅವರಲ್ಲಿ ವಿಕ್ಸಿಯೂ ಒಬ್ಬರು. ಯಾವ ಕಾನೂನೂ ಅವರನ್ನು ಒಪ್ಪಿಸಲಿಲ್ಲ, ಕೇಳಿದ್ದು ಪೋಸ್ಟೆಲ್ ಅನ್ನೋದೇ ಸಾಕಾಯ್ತು. ಬಳಸೋರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಕ್ಲಿಂಟನ್ ಸರ್ಕಾರದ ಸಲಹೆಗಾರ ಐರಾ ಮ್ಯಾಗಜಿನರ್ ಕೆಂಡವಾದರು. ಇದೊಂದು ಪರೀಕ್ಷೆ ಅಂತ ಪೋಸ್ಟೆಲ್ ಸಮಜಾಯಿಷಿ ಕೊಟ್ಟು, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಪರೀಕ್ಷೆಯೋ ಪ್ರತಿಭಟನೆಯೋ ಅನ್ನೋ ಚರ್ಚೆ ಈಗಲೂ ಇದೆ. ನನ್ನ ಮಟ್ಟಿಗೆ ಅದು ಪ್ರತಿಭಟನೆ, ಅದೂ ಬಹಳ ಶಿಸ್ತಿನದು. ಮೂವತ್ತು ವರ್ಷ ನಂಬಿಕೆಯ ಮೇಲೆ ಪಟ್ಟಿ ನಡೆಸಿದವರು, ಆ ನಂಬಿಕೆಗೆ ಎಷ್ಟು ಬಲ ಇದೆ ಅಂತ ಒಂದೇ ಸಲ ಅಳೆದು ನೋಡಿದರು. ಬಲ ಇತ್ತು. ಆದ್ರೆ ಸರ್ಕಾರದ ಒಂದು ಫೋನ್ ಕರೆಯಷ್ಟು ಇರಲಿಲ್ಲ.

ಆ ಮೇಲೆ ಆ ಕೆಲಸವನ್ನೆಲ್ಲ ಒಂದು ಸಂಸ್ಥೆಗೆ ವಹಿಸೋ ತೀರ್ಮಾನವಾಗಿ ಸೆಪ್ಟೆಂಬರ್ 30ರಂದು ಐಕ್ಯಾನ್ ನೋಂದಣಿಯಾಯ್ತು. ಹದಿನಾರು ದಿನಕ್ಕೆ, ಅಕ್ಟೋಬರ್ 16ರಂದು, ಪೋಸ್ಟೆಲ್ ಹೃದಯದ ಶಸ್ತ್ರಚಿಕಿತ್ಸೆ ನಂತರದ ತೊಂದರೆಯಿಂದ ತೀರಿಕೊಂಡರು. ವಯಸ್ಸು 55. ಅದಕ್ಕೆ ಏಳು ವರ್ಷ ಮೊದಲು ಹೃದಯದ ಕವಾಟ ಬದಲಾಯಿಸಿಕೊಂಡಿದ್ದರು.

ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2476 ಬರೆದವರು ಇಬ್ಬರು: ಯೂಡೋರಾ ಅನ್ನೋ ಮೇಲ್ ಕ್ಲೈಂಟ್ ಮಾಡ್ತಿದ್ದ ಕ್ವಾಲ್ಕಾಮ್ ಕಂಪನಿಯ ರ‍್ಯಾಂಡಲ್ ಗೆಲೆನ್ಸ್ ಮತ್ತು ಎಂಸಿಐ ದೂರಸಂಪರ್ಕ ಕಂಪನಿಯ ಜಾನ್ ಕ್ಲೆನ್ಸಿನ್. ಒಬ್ಬರು ಬಳಕೆದಾರರ ಕಡೆಯವರು, ಇನ್ನೊಬ್ಬರು ಜಾಲದ ಕಡೆಯವರು. ಅವರು ಮಾಡಿದ್ದು ಇಷ್ಟೇ, ಅಂಚೆ ಕಚೇರಿಗೆ ಕೊನೆಗೂ ಮುಂಬಾಗಿಲು ಇಟ್ಟರು. 25ರಲ್ಲಿ ಸರ್ವರ್ ಸರ್ವರ್‌ಗಳ ಮಾತುಕತೆ, 587ರಲ್ಲಿ ಜನ. ಹಿಂಬಾಗಿಲಲ್ಲಿ ಬಂದ ಪತ್ರವನ್ನು ತಿದ್ದೋ ಹಾಗಿಲ್ಲ, ಆದ್ರೆ ಮುಂಬಾಗಿಲಲ್ಲಿ ಒಪ್ಪಿಸಿದ ಪತ್ರಕ್ಕೆ ತಾರೀಖು ಇಲ್ಲದಿದ್ದರೆ ಹಾಕಬಹುದು, ಅರ್ಧ ಬರೆದ ವಿಳಾಸ ಪೂರ್ತಿ ಮಾಡಬಹುದು, ಕಳಿಸೋರ ಗುರುತು ಕೇಳಬಹುದು. ಆ ಗುರುತು ಕೇಳೋ ವಿಧಾನವನ್ನು 1999ರ ಮಾರ್ಚ್‌ನ ಇನ್ನೊಂದು ದಾಖಲೆ ಹೇಳಿತು. 587 ಅನ್ನೋ ನಂಬರು ದಾಖಲಾದದ್ದು ಪೋಸ್ಟೆಲ್ ಕಟ್ಟಿ ಬೆಳೆಸಿದ ಅದೇ ಪಟ್ಟಿಯಲ್ಲಿ.

ದಾಖಲೆ ಬಂದ ಕೂಡಲೇ ಜಗತ್ತು ಬದಲಾಗಲಿಲ್ಲ. ಸೆಂಡ್‌ಮೇಲ್ 2000ದ ಆವೃತ್ತಿಯಲ್ಲಿ 587ನೇ ಬಾಗಿಲನ್ನೂ ಪಾಸ್‌ವರ್ಡ್ ಕೇಳೋ ಸೌಲಭ್ಯವನ್ನೂ ಸೇರಿಸಿತು. ಸರ್ವರ್ ತಯಾರಾದ್ರೆ ಕ್ಲೈಂಟ್ ತಯಾರಿಲ್ಲ, ಕ್ಲೈಂಟ್ ತಯಾರಾದ್ರೆ ಸರ್ವರ್ ಇಲ್ಲ. ಆ ನಡುವೆ ಒಂದು ವಿಚಿತ್ರ ಉಪಾಯ ಚಾಲ್ತಿಯಲ್ಲಿತ್ತು. ಮೊದಲು ನಿಮ್ಮ ಮೇಲ್ ಓದೋಕೆ ಲಾಗಿನ್ ಆಗಿ, ಸರ್ವರ್ ನಿಮ್ಮನ್ನು ಕೆಲವು ನಿಮಿಷ ನೆನಪಿಟ್ಟುಕೊಳ್ಳುತ್ತೆ, ಅಷ್ಟರಲ್ಲಿ ಬೇಗ ಬೇಗ ಪತ್ರ ಕಳಿಸಿಬಿಡಿ! ಪತ್ರಿಕೋದ್ಯಮಕ್ಕೆ ಬರೋ ಮೊದಲು ಒಂದೆರಡು ವರ್ಷ ಮೇಲ್ ಸರ್ವರ್ ನೋಡಿಕೊಳ್ಳೋ ಕೆಲಸದಲ್ಲಿದ್ದೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಹೊರಹೋಗೋ ಸರ್ವರಿಗೂ ಪಾಸ್‌ವರ್ಡ್ ಬೇಕು ಅನ್ನೋ ಒಂದು ಚೌಕಕ್ಕೆ ಗುರುತು ಹಾಕೋದು ಹೇಗೆ ಅಂತ ಜನರಿಗೆ ಫೋನಲ್ಲಿ ಹೇಳಿಕೊಡ್ತಿದ್ದ ಕಥೆಯನ್ನು ಅಲ್ಲಿನ ಹಿರಿಯರೊಬ್ಬರು ನಗಾಡ್ತಾ ಹೇಳ್ತಿದ್ದರು. 2006ರಲ್ಲಿ ನಿಯಮ ಬಿಗಿಯಾಯ್ತು: ಗುರುತು ಕೇಳಬಹುದು ಅನ್ನೋದು ಕೇಳಲೇಬೇಕು ಅಂತಾಯ್ತು. 2018ರಲ್ಲಿ ಈ ಒಪ್ಪಿಸುವಿಕೆಯನ್ನು ಮೊದಲ ಕ್ಷಣದಿಂದಲೇ ಗೂಢಲಿಪಿಯೊಳಗೆ ನಡೆಸೋಕೆ 465ನೇ ಬಾಗಿಲು ಉತ್ತಮ ಅಂತ ಶಿಫಾರಸು ಬಂತು.

ಇಲ್ಲಿಯವರೆಗೆ ಇದು ಒಳ್ಳೇ ಕಥೆ. ಮುಂಬಾಗಿಲು ಬೇಕಿತ್ತು, ಬಂತು. ಯಾರು ಬೇಕಾದ್ರೂ ಅಂಚೆ ಕಚೇರಿ ತೆರೆಯಬಹುದು, ತಮ್ಮ ಜನರನ್ನು ತಾವೇ ಗುರುತಿಸಬಹುದು ಅನ್ನೋದು ಆ ದಾಖಲೆಯ ಆಶಯ. ಆದ್ರೆ ಈಗ ಕೌಂಟರ್‌ಗಳೆಲ್ಲ ಕೆಲವೇ ಕಂಪನಿಗಳ ಕೈಗೆ ಸೇರಿವೆ. 2022ರ ಮೇ ಕೊನೆಯಲ್ಲಿ ಗೂಗಲ್ ತನ್ನ ವೈಯಕ್ತಿಕ ಖಾತೆಗಳಲ್ಲಿ ಹೊರಗಿನ ಕ್ಲೈಂಟ್‌ಗಳು ಖಾತೆಯ ಪಾಸ್‌ವರ್ಡ್ ನೇರ ಕೊಟ್ಟು ಒಳಬರೋದನ್ನು ನಿಲ್ಲಿಸಿತು. ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ಆದ್ರೆ ಪರಿಣಾಮ ಏನು? ನೀವೊಂದು ಸಣ್ಣ ಮೇಲ್ ಆ್ಯಪ್ ಬರೆದರೆ ಅದರ ಹೊಸ ಲಾಗಿನ್ ವಿಧಾನ ಬಳಸೋಕೆ ಆ ಕಂಪನಿಯಲ್ಲೇ ನೋಂದಣಿ ಮಾಡಿಸಿ, ಅವರ ಪರಿಶೀಲನೆ ದಾಟಬೇಕು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ಇನ್ನಷ್ಟು ಷರತ್ತು ಬಂದವು. ಗೆಳೆಯರ ಒಂದು ಸಂಘಟನೆ ತನ್ನದೇ ಸಣ್ಣ ಸರ್ವರ್ ಇಟ್ಟುಕೊಂಡಿದೆ, ಬೇಕಾದ ದೃಢೀಕರಣ ದಾಖಲೆಗಳೆಲ್ಲ ಸರಿಯಾಗಿವೆ, ನಾನೇ ಕೂತು ನೋಡಿದ್ದೇನೆ. ಆದರೂ ಅವರ ಸಭೆಯ ಆಹ್ವಾನ ಒಂದು ದೊಡ್ಡ ಮೇಲ್ ಕಂಪನಿಯ ಸ್ಪ್ಯಾಮ್ ಡಬ್ಬಿಗೇ ಬೀಳುತ್ತೆ. ಯಾಕೆ ಅಂತ ಕೇಳೋಕೆ ಅಲ್ಲಿ ಮನುಷ್ಯರಿಲ್ಲ. ಪೋಸ್ಟೆಲ್ ಕಾಲದಲ್ಲಿ ಇರ್ತಿದ್ದರು, ಅದೇ ವ್ಯತ್ಯಾಸ.

ಪೋಸ್ಟೆಲ್ ಮೇಲೆ ನನ್ನದೊಂದು ದೂರೂ ಇದೆ. ಆರ್‌ಎಫ್‌ಸಿ 821 ಮೇಲನ್ನು ಏಳು ಬಿಟ್‌ನ ಆಸ್ಕಿಗೆ ಕಟ್ಟಿಹಾಕಿತು, ಅಂದ್ರೆ ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ. ಯಾವುದು ದೇಶ ಅಂತ ತೀರ್ಮಾನಿಸಲು ಹಿಂಜರಿದ ಮನುಷ್ಯ, ಯಾವುದು ಅಕ್ಷರ ಅಂತ ಯೋಚನೆಯೇ ಇಲ್ಲದೆ ತೀರ್ಮಾನಿಸಿಬಿಟ್ಟಿದ್ದರು. ಅದು ಅವರೊಬ್ಬರದಲ್ಲ, ಆ ಕಾಲದ ಅಮೆರಿಕದ ಪ್ರಯೋಗಾಲಯಗಳ ಕುರುಡು. 1992ರಲ್ಲಿ ಮೈಮ್ ಬಂದ ಮೇಲೆ ಪತ್ರದ ಒಳಗೆ ಬೇರೆ ಲಿಪಿಗಳಿಗೆ ದಾರಿಯಾಯ್ತು. ವಿಳಾಸದಲ್ಲಿ ಕನ್ನಡ ಬರೆಯೋಕೆ ನಿಯಮ ಬಂದಿದ್ದು 2012ರ ಫೆಬ್ರವರಿಯಲ್ಲಿ, ಆರ್‌ಎಫ್‌ಸಿ 6531ರ ಮೂಲಕ, ಎಸ್‌ಎಂಟಿಪಿ ಹುಟ್ಟಿ ಮೂವತ್ತು ವರ್ಷ ಆಗೋ ಹೊತ್ತಿಗೆ. ಮತ್ತೆ ಅದೇ ಮುಂಬಾಗಿಲ ಕಥೆ: ನಿಮ್ಮ ಕ್ಲೈಂಟ್ ಕನ್ನಡ ವಿಳಾಸ ಒಪ್ಪಬೇಕು, ಒಪ್ಪಿಸೋ ಸರ್ವರ್ ತನಗೆ ಯುನಿಕೋಡ್ ವಿಳಾಸ ಬರುತ್ತೆ ಅಂತ ನಮಸ್ಕಾರದ ಉತ್ತರದಲ್ಲೇ ಹೇಳಬೇಕು, ದಾರಿಯುದ್ದದ ಸರ್ವರ್‌ಗಳೂ ಹೇಳಬೇಕು. ಒಂದು ಕಡೆ ತಪ್ಪಿದರೂ ಪತ್ರ ವಾಪಸ್. ಯಾರು ಬೇಕಾದ್ರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಪೋಸ್ಟ್‌ಫಿಕ್ಸ್ ಸರ್ವರ್ ಇದನ್ನು 2015ರಿಂದ ಬೆಂಬಲಿಸುತ್ತೆ. ಜಿಮೇಲ್ 2014ರಿಂದ ಇಂಥ ವಿಳಾಸಗಳ ಜೊತೆ ಪತ್ರವ್ಯವಹಾರ ಮಾಡೋಕೆ ಬಿಡ್ತಿದೆ. ಡಾಟ್ ಭಾರತ ಅನ್ನೋದನ್ನು ಕನ್ನಡ ಲಿಪಿಯಲ್ಲೇ ಬರೆಯೋ ಡೊಮೇನ್ ಈಗ ಇಂಟರ್‌ನೆಟ್ಟಿನ ಬೇರಿನ ಪಟ್ಟಿಯಲ್ಲಿದೆ. ಪೋಸ್ಟೆಲ್ 1998ರ ಜನವರಿಯಲ್ಲಿ ಎಂಟು ಮಂದಿಗೆ ಮೇಲ್ ಬರೆದಿದ್ದು ಇದೇ ಪಟ್ಟಿಗಾಗಿ.

ಅಂದ್ರೆ ಬಾಗಿಲು, ನಿಯಮ, ತಂತ್ರಾಂಶ ಮೂರೂ ಇವೆ. ರಾಜಸ್ಥಾನ ಸರ್ಕಾರ 2017ರ ಡಿಸೆಂಬರ್‌ನಲ್ಲೇ ತನ್ನ ನಾಗರಿಕರಿಗೆ ಹಿಂದಿ ಲಿಪಿಯ ಇಮೇಲ್ ವಿಳಾಸ ಕೊಡೋಕೆ ಶುರುಮಾಡಿತು. ನವೆಂಬರ್ ಬಂದಾಗ ನಮ್ಮ ಮಂತ್ರಿಗಳು ವೇದಿಕೆ ಮೇಲೆ ಕನ್ನಡದ ಬಗ್ಗೆ ಮಾತಾಡ್ತಾರಲ್ಲ, ಈ ಸಲ ಯಾರಾದ್ರೂ ಎದ್ದು ನಿಂತು ಕೇಳಿ: ರಾಜ್ಯ ಸರ್ಕಾರದ ಮೇಲ್ ಸರ್ವರ್ 587ನೇ ಬಾಗಿಲಲ್ಲಿ ಕನ್ನಡ ವಿಳಾಸ ಕೊಟ್ಟರೆ ಇಸಕೊಳ್ಳುತ್ತೋ, ವಾಪಸ್ ಕಳಿಸುತ್ತೋ?